ಹೊಸ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಕೇಳಲು ಬ್ರೆಮೆನ್‌ಗೆ ಹೋದದ್ದು

ಸೃಷ್ಟಿ, ಮಲ್ಲು, ಇಬ್ಬರೂ ಕೂಡಿ ಓದಿರಿ.

ದೀಪಾವಳಿಗೆ ಬಂದಾಗ "ಆಯಿ, ಜರ್ಮನಿ ಹೆಂಗಿತ್ತು ಹೇಳ" ಎಂದು ಬೆನ್ನು ಹತ್ತಿದಿರಿ. ನಾನು "ಥಂಡಿ ಇತ್ತು" ಎಂದಷ್ಟೇ ಹೇಳಿ ಅಡಿಗೆ ಮನೆಗೆ ಹೋಗಿ ಹಿಟ್ಟು ನಾದತೊಡಗಿದೆ. ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ಆದರೆ ಈ ಮಾತು ನಿಮ್ಮಿಬ್ಬರ ಎದುರಿಗೂ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಲಸಂಗಿಯ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತವಳ ಬರಹ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ. ಎತ್ತರದ ಕಟ್ಟಡ, ಚಂದದ ಹೊಳೆ ನೋಡಬೇಕೆಂದರೆ ನಿಮ್ಮ ಮೊಬೈಲಿನಲ್ಲೇ ಇವೆ, ನಾನು ಅವನ್ನು ಬರೆಯುವುದಿಲ್ಲ.

ಇಂಡಿ

ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ತಹಶೀಲ್ದಾರ ಕಚೇರಿ ಎದುರಿನ ನಮ್ಮ ಟೈಪಿಂಗ್ ಅಂಗಡಿಯಲ್ಲಿ ನಾನೇ ಕೂತೆ. ಕಂಪ್ಯೂಟರಿನಲ್ಲಿ ನಾವು ಬಳಸುತ್ತಿದ್ದದ್ದು ಕಚೇರಿ ಕೆಲಸದ ತಂತ್ರಾಂಶಗಳ ಒಂದು ಕಟ್ಟು. ಅದರಲ್ಲಿ ಅರ್ಜಿ ಟೈಪು ಮಾಡುವುದು, ಲೆಕ್ಕದ ಪಟ್ಟಿ ಹಾಕುವುದು, ಗೋಡೆಯ ಮೇಲೆ ಬಿಡುವ ಚಿತ್ರದ ಹಾಳೆ ಮಾಡುವುದು ಎಲ್ಲ ಒಟ್ಟಿಗೆ ಬರುತ್ತವೆ. ಅದಕ್ಕೆ ಒಡೆಯರಿಲ್ಲ. ದೇಶ ದೇಶದ ಜನ ಕೂಡಿ ಮಾಡುತ್ತಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರು ಬೇಕಾದರೂ ತಿದ್ದಬಹುದು. ಮೊದಲು ಪರದೆಯ ಮೇಲೆ ಕಾಣುವ ಅದರ ಮಾತೆಲ್ಲ ಇಂಗ್ಲಿಷಿನಲ್ಲಿತ್ತು. ಎಲ್ಲಿ ಒತ್ತಿದರೆ ಏನಾಗುತ್ತದೆ ಎಂದು ಕತ್ತಲಲ್ಲಿ ಕಡ್ಡಿ ಹುಡುಕಿದ ಹಾಗೆ ಕಲಿತೆ.

ಬಸವನ ಬಾಗೇವಾಡಿಯ ಸುಜಾತಾ ಟೀಚರು ನಿಮಗೆ ಗೊತ್ತಲ್ಲ, ಮನೆಯಲ್ಲಿ ದೊಡ್ಡ ಬುದ್ಧನ ಫೋಟೋ ಇರುವವಳು. ಆಕೆಯೇ ಒಂದು ದಿನ, "ಅಕ್ಕಾರ, ಇದರ ಮಾತು ಕನ್ನಡದಾಗ ನಾವ ಬರೀಬಹುದಂತ್ರಿ, ಯಾರನ್ನೂ ಕೇಳೂದ ಬ್ಯಾಡ" ಎಂದಳು. ಹಾಗೆ ಶುರುವಾಯಿತು. ಇಂಡಿಯಲ್ಲಿ ನಾನು, ಬಾಗೇವಾಡಿಯಲ್ಲಿ ಸುಜಾತಾ, ಸಿಂದಗಿಯಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುವ ಶೈಲಾ, ಮುದ್ದೇಬಿಹಾಳದಲ್ಲಿ ಅರ್ಜಿ ಟೈಪು ಮಾಡುವ ರೇಣುಕಾ. ಸುಜಾತಾ ಇಂಗ್ಲಿಷ್ ವಾಕ್ಯದ ಅರ್ಥ ಹೇಳುವಳು. ಮಿಕ್ಕವರು ಫೋನಿನಲ್ಲಿ ಅದಕ್ಕೆ ಮಾತು ಹುಡುಕಿ ಜಗಳಾಡುವೆವು. ಮಾಡಿದ್ದನ್ನು ಅಳಿಸಿ ಮೊದಲಿನ ಹಾಗೆ ಮಾಡುವ ಗುಂಡಿಗೆ ಶೈಲಾ "ರದ್ದು ಮಾಡು" ಎಂದಳು. ರೇಣುಕಾ ಬಿಡಲಿಲ್ಲ. "ರದ್ದು ಅಂದ್ರ ಕೋರ್ಟಿನ ಮಾತಾತು. ನನ್ನ ಹತ್ರ ಬಂದ ಮುದುಕಿ ಅದನ್ನ ನೋಡಿ, ನನ್ನ ಪಿಂಚಣಿ ರದ್ದ ಆತೇನವ್ವಾ ಅಂತ ಅಳತಾಳ. ‘ಮೊದಲಿನಂತೆ ಮಾಡು’ ಅಂತ ಬರೀರಿ." ಹಾಗೇ ಬರೆದೆವು. ವರ್ಷಗಟ್ಟಲೆ ಹೀಗೆ ನಡೆಯಿತು.

ಆಮೇಲೆ ಆ ಕಟ್ಟಿನ ಹೊಸ ದೊಡ್ಡ ಆವೃತ್ತಿಯೊಂದು ಬರುತ್ತದೆ ಎಂಬ ಸುದ್ದಿ ಬಂತು. ಪಟ್ಟಿಗಳನ್ನೆಲ್ಲ ಬೇರೆ ರೀತಿ ಜೋಡಿಸಿ, ವಾಕ್ಯಗಳನ್ನು ಹೊಸದಾಗಿ ಬರೆಯುತ್ತಾರಂತೆ. ಅಲ್ಲಿ ಇಂಗ್ಲಿಷ್ ವಾಕ್ಯದಲ್ಲಿ ಒಂದು ಅಕ್ಷರ ಬದಲಾದರೂ ಇಲ್ಲಿ ನಾವು ಬರೆದ ಕನ್ನಡ ಬಿದ್ದುಹೋಗುತ್ತದೆ, ಮತ್ತೆ ಬರೆಯಬೇಕು. ಹೊಲ, ಪರೀಕ್ಷೆ, ಕರೆಂಟು ನೋಡಿಕೊಂಡು ನಾಲ್ವರು ಹೆಂಗಸರು ಅಷ್ಟನ್ನೂ ಹೇಳಿದ ಹೊತ್ತಿಗೆ ಮುಗಿಸುವುದು ಆಗದ ಮಾತು. ನಾವು ಕೇಳುವುದು ಒಂದೇ ಇತ್ತು. ಕನ್ನಡ ಅರ್ಧ ಇದ್ದರೆ ಅರ್ಧವನ್ನೇ ಹಾಕಿ ಕಳಿಸಿರಿ, ಬರೆಯದೆ ಉಳಿದ ಕಡೆ ಇಂಗ್ಲಿಷ್ ಇರಲಿ, ಆದರೆ ಕನ್ನಡ ಬಿಟ್ಟು ಕಳಿಸಬೇಡಿರಿ. ಇದನ್ನೆಲ್ಲ ಗೊತ್ತು ಮಾಡುವ ಸಭೆ ಬ್ರೆಮೆನ್ ಎಂಬ ಊರಲ್ಲಿತ್ತು. ಸಣ್ಣ ತಂಡಗಳಿಂದಲೂ ಜನ ಬರಲಿ ಎಂದು ಅವರೇ ಕರೆಸಿಕೊಂಡರು. ಹೆಚ್ಚು ವಾಕ್ಯ ನನ್ನ ಹೆಸರಿನಲ್ಲಿದ್ದವು, ಅದಕ್ಕೆ ನಾನು. ನನಗೆ ಬಾಯಿ ಬೇಕಲ್ಲ, ಅದಕ್ಕೆ ಸುಜಾತಾ.

ಹೊರಡುವ ಮುಂಚೆ ರೇಣುಕಾ ಫೋನು ಮಾಡಿದಳು. "ಅಕ್ಕಾರ, ನಮ್ಮ ಮಾಲಕ ಹೇಳ್ಯಾನ. ಕಚೇರಿ ಫೈಲೆಲ್ಲಾ ಇನ್ನ ಹೊಸಾದ್ರಾಗ ಬರತಾವಂತ. ಹಳೇದ್ರಾಗ ತಗದ್ರ ಎಲ್ಲಾ ಚಲ್ಲಾಪಿಲ್ಲಿ ಕಾಣಸ್ತಾವಂತ. ಹೊಸಾದು ನಡಸಾಕ ಬಂದ್ರ ಕುರ್ಚಿ ಮ್ಯಾಲ ಇರು, ಇಲ್ಲಂದ್ರ ಇಂಗ್ಲೀಷ ಬರೋ ಹುಡುಗೀನ್ನ ತರತೇನಿ ಅಂದಾನ. ನನಗ ಎಬಿಸಿಡಿ ದಾಟಿ ಏನೂ ಬರಂಗಿಲ್ಲ."

"ಆಮ್ಯಾಲ ಬ್ಯಾರೆ ಇಳಸಕೋಬಹುದಂತ ರೇಣುಕಾ," ಎಂದೆ.

"ಯಾರ ಇಳಸವ್ರು? ರಿಪೇರಿ ಮಾಡಾಂವ ಪೆನ್‌ಡ್ರೈವ್‌ದಾಗ ತಂದ ಒಮ್ಮೆ ಹಾಕಿ ಹೋದ್ರ ಮುಗೀತು. ಮತ್ತ ಬರೂದು ಕಂಪ್ಯೂಟರ ಕೆಟ್ಟಾಗ. ಅಕ್ಕಾರ, ನನಗ ಸೀರಿ ಬ್ಯಾಡ, ಚಾಕಲೇಟ ಬ್ಯಾಡ. ಕನ್ನಡ ತರ್ರಿ, ಸಾಕು."

ದಾರಿ

ಹೈದರಾಬಾದಿನವರೆಗೆ ಬಸ್ಸು, ಅಲ್ಲಿಂದ ವಿಮಾನ. ನನ್ನ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಖಾರ ಹಾಕಿ ಕುಟ್ಟಿದ ಒಂದು ಡಬ್ಬಿ ಶೇಂಗಾ ಹಿಂಡಿ. ತಪಾಸಣೆ ಮಾಡುವವನು ಹಿಂಡಿಯ ಡಬ್ಬಿ ತೆಗೆದು, ಮೂಗಿನ ಹತ್ತಿರ ಒಯ್ದು ಜೋರಾಗಿ ಉಸಿರೆಳೆದ. ಆಮೇಲೆ ಸೀನತೊಡಗಿದ ನೋಡಿರಿ, ನಿಲ್ಲಲೊಲ್ಲದು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಮ್ಮ ಕಡೆ ಕತ್ತು ಚಾಚಿದರು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಸುಜಾತಾ ಮಾತ್ರ, "ಬಾಂಬ್ ಅಲ್ರಿ, ಮೆಣಸಿನಕಾಯಿ ನಮ್ಮೂರಿಂದು, ಅದಕ್ಕ ಅದರ ಸ್ವಭಾವಾನ ಹಂಗ" ಎಂದಳು. ಅವನು ಕಣ್ಣೊರೆಸಿಕೊಳ್ಳುತ್ತ ಹೋಗಿರೆಂದು ಕೈ ಮಾಡಿದ.

ವಿಮಾನದಲ್ಲಿ ಗಗನಸಖಿ ಏನು ಕೇಳಿದರೂ ನಾನು ತಲೆ ಅಲ್ಲಾಡಿಸಿದೆ. ಅದರಿಂದ ನನಗೆ ಕೋಳಿ ಬಂತು. ಸುಜಾತಾ ಅದನ್ನು ತನ್ನ ಕಡೆ ಎಳೆದುಕೊಂಡು, ಇನ್ನೊಂದು ತಟ್ಟೆ ಕೇಳಿ ಕೊಡಿಸಿ, "ತಲಿ ಅಲ್ಲಾಡಸೂದ ಬಿಡ್ರಿ ಅಕ್ಕಾರ, ನಿಮ್ಮ ತಲಿ ಯಾವ ಕಡೆ ಅಲ್ಲಾಡತೈತಿ ಅನ್ನೂದು ನನಗ ಇನ್ನೂ ತಿಳಿದಿಲ್ಲ" ಎಂದು ನಕ್ಕಳು.

ಬ್ರೆಮೆನ್

ಆ ಊರಿನಲ್ಲಿ ಜಿಟಿಜಿಟಿ ಮಳೆ. ಒಂದು ಮುದುಕಿ ರಸ್ತೆ ದಾಟಲು ಕೊಡೆ ಹಿಡಿದು ನಿಂತಿದ್ದಳು. ಆಚೆಗೂ ಈಚೆಗೂ ಒಂದು ಗಾಡಿಯಿಲ್ಲ, ಒಂದು ನಾಯಿಯಿಲ್ಲ. ಕಂಬದ ಮೇಲೆ ಕೆಂಪು ದೀಪ ಇದೆ ಎಂದು ನಿಂತೇ ಇದ್ದಳು. ಸುಜಾತಾ ಕಾಲು ಮುಂದಿಟ್ಟಳು. ಮುದುಕಿ ಕೊಡೆ ಎತ್ತಿ ಏನೋ ಬೈದಳು. ಇಬ್ಬರೂ ಹೆದರಿ ಹಿಂದೆ ಸರಿದು ಖಾಲಿ ರಸ್ತೆ ನೋಡುತ್ತ ನಿಂತೆವು. "ಈಕಿನ್ನ ಒಯ್ದು ಇಂಡಿ ಬಸ್‌ಸ್ಟ್ಯಾಂಡ್ ಮುಂದ ನಿಲ್ಲಸಬೇಕ ನೋಡ್ರಿ, ಅಲ್ಲೇ ಹುತ್ತ ಬೆಳೀತೈತಿ" ಎಂದು ಸುಜಾತಾ ಪಿಸುಗುಟ್ಟಿದಳು.

ಸಭೆ ನಡೆದದ್ದು ರಜೆ ಬಿಟ್ಟ ಒಂದು ಸಾಲಿಯಲ್ಲಿ. ಅವರಿಗೊಂದು ಚಟವಿದೆ. ನಡುನಡುವೆ ಎದ್ದು ಕಿಟಕಿಗಳನ್ನೆಲ್ಲ ಪೂರಾ ತೆರೆಯುತ್ತಾರೆ, ಹೊಸ ಗಾಳಿ ಬರಬೇಕಂತೆ. ಆ ಗಾಳಿ ಬಂದರೆ ಎಲುಬಿನೊಳಗೆ ಹೋಗುತ್ತದೆ. ನಾನು ನಿಮ್ಮ ಮುತ್ಯಾನ ಸ್ವೆಟರ್ ಮೇಲೆ ಸೆರಗು ಹೊದ್ದು ಕೂತೆ. ಕುಡಿಯಲು ನೀರು ಕೇಳಿದರೆ ಸೋಡಾ ಕೊಟ್ಟರು. ಊಟಕ್ಕೆ ತಣ್ಣಗಿನ ರೊಟ್ಟಿ ತುಂಡು, ಸೌತೆಕಾಯಿ. ಬಿಸಿ ಅನ್ನುವುದು ಚಹಾ ಒಂದೇ. ಇದೆಲ್ಲ ಸಣ್ಣ ಮಾತು, ತಡೆದುಕೊಂಡೆ.

ತಡೆಯಲಾಗದೆ ಹೋದದ್ದು ಅವರ ನೋಟ. ಮಾತಾಡುವಾಗ ನೆಟ್ಟಗೆ ಕಣ್ಣಲ್ಲೇ ಕಣ್ಣಿಟ್ಟು ನೋಡುತ್ತಾರೆ. ನಿಮ್ಮ ಮುತ್ಯಾ ಹೋದಾಗಿನಿಂದ ಮದುವೆ ಮನೆಗಳಲ್ಲಿ ನಾನು ಬಾಗಿಲ ಮರೆಗೆ ನಿಂತವಳು. ಕುಂಕುಮದ ಬಟ್ಟಲು ಬರುತ್ತದೆ ಎಂದರೆ ಮೊದಲೇ ಎದ್ದು ಹಿತ್ತಲಿಗೆ ಹೋಗುವವಳು. ಯಾರೂ ಬಾಯಿಬಿಟ್ಟು ಹೋಗು ಅನ್ನಲಿಲ್ಲ, ನಾನೇ ಹೋಗಬೇಕು ಎಂದು ಎಲ್ಲರೂ ಸುಮ್ಮನಿದ್ದರು. ಅಂಥವಳನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸಿ, ಎದುರಿಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿಟ್ಟರು. ಮರ್ಯಾದೆ ಮಾಡಿದರು, ಇಲ್ಲವೆನ್ನುವುದಿಲ್ಲ. ನಾನು ಮೇಜು ನೋಡುತ್ತ ಕೂತೆ.

ಹೈಕೆ ಬಂದ ಸಂಜೆ

ಸಭೆ ನಡೆಸುವವಳ ಹೆಸರು ಹೈಕೆ. ನನಗಿಂತ ಸಣ್ಣವಳು, ಆದರೆ ತಲೆಗೂದಲು ಪೂರಾ ಬಿಳಿ, ಬಣ್ಣ ಹಚ್ಚಿಕೊಂಡಿರಲಿಲ್ಲ. ಅದು ನನಗೆ ಸೇರಿತು. ಸಂಜೆ ನಾವು ಇಳಿದುಕೊಂಡ ಕೋಣೆಗೆ ಅವಳೇ ಬಂದಳು. ಸುಜಾತಾ ನಮ್ಮ ಸಂಗತಿಯೆಲ್ಲ ಬಿಡಿಸಿ ಹೇಳಿದಳು. ರೇಣುಕಾಳ ಕುರ್ಚಿಯ ಮಾತು, ಪೆನ್‌ಡ್ರೈವಿನ ಮಾತು, ಎಲ್ಲ. ನಾನೂ ನಡುವೆ ಬಾಯಿಹಾಕಿ, "ಆಮ್ಯಾಲ ಕೊಡತೇವಿ ಅಂದ್ರ ನಮ್ಮ ಕಡೆ ಕೊಡಂಗಿಲ್ಲಾ ಅಂದಂಗ ಅಂತ ಹೇಳು" ಎಂದೆ. ಹೈಕೆ ತುಂಬ ಹೊತ್ತು ಕೇಳಿದಳು. ತಲೆಯಾಡಿಸಿದಳು. "ಇದು ಮುಖ್ಯವಾದ ಮಾತು. ನಾಳೆ ಇದೇ ವಿಷಯ ಬರುತ್ತದೆ" ಎಂದಳಂತೆ.

ನಾನು ಹೋಳಿಗೆ ಕೊಟ್ಟೆ. ಅರ್ಧ ತಿಂದು, ಚಲೋ ಇದೆ ಎಂದು, ಉಳಿದದ್ದನ್ನು ಮಗಳಿಗೆಂದು ಕಾಗದದಲ್ಲಿ ಸುತ್ತಿಕೊಂಡಳು.

ಅವಳು ಹೋದ ಮೇಲೆ ನಾವಿಬ್ಬರೂ ಹಗುರಾದೆವು. "ಆತು ಬಿಡ್ರಿ ಅಕ್ಕಾರ," ಎಂದಳು ಸುಜಾತಾ. ನನಗೂ ಹಾಗೇ ಅನಿಸಿತು. ಮನೆಗೆ ಬಂದು, ಕೂತು, ಸಂಕಟ ಕೇಳಿ, ನಮ್ಮ ಕೈಯಿಂದ ತಿಂದು, ಮಗಳಿಗೂ ಕಟ್ಟಿಕೊಂಡು ಹೋದವಳು. ನಮ್ಮ ಇಂಡಿಯ ಕಡೆ ಹಿರಿಯರು ಇಷ್ಟು ಮಾಡಿದರೆ ಮಾತು ಕೊಟ್ಟ ಹಾಗೆ. ಮರುದಿನ ಕಟ್ಟೆಯ ಮೇಲೆ ಆ ಮಾತನ್ನು ಎತ್ತುವುದು ಅವರ ಕೆಲಸ. ನಾವು ಎದ್ದು ಮತ್ತೆ ಅದನ್ನೇ ಹೇಳಿದರೆ ನಿಮ್ಮ ಮೇಲೆ ನಂಬಿಕೆಯಿಲ್ಲ ಎಂದು ಹತ್ತು ಜನರೆದುರು ಅವರ ಮುಖ ಮುರಿದಂತೆ.

ಸಭೆ

ಮರುದಿನ ಮೊದಲು ಬಂದದ್ದು ಯಾನ್ ಎಂಬ ಗಡ್ಡದವನ ಮಾತು. ಫ್ರಾನ್ಸ್ ದೇಶದ ಒಂದು ಮೂಲೆಯವನು, ಅವನ ಭಾಷೆ ಬ್ರೆಟನ್. ನಮ್ಮದಕ್ಕಿಂತ ಎಷ್ಟೋ ಕಡಿಮೆ ಜನ ಅದನ್ನು ಆಡುತ್ತಾರಂತೆ. ಅವನ ಭಾಷೆಯ ಕಾಗುಣಿತ ತಿದ್ದುವ ಭಾಗ ಹಳೆಯದಾಗಿದೆ, ತೆಗೆಯೋಣ ಎಂದು ಹೈಕೆ ಅಂದದ್ದೇ ತಡ, ಎದ್ದು ನಿಂತು "ನೋ!" ಎಂದು ಕೂಗಿದ. ಹೈಕೆಯ ಮುಖಕ್ಕೇ ಕೈ ಮಾಡಿ ಮಾತಾಡಿದ. ಸುಜಾತಾ ನನ್ನ ಕಿವಿಯಲ್ಲಿ, "ಮುಗೀತ್ರಿ, ಈ ಮನಷ್ಯಾನ್ನ ಇನ್ನ ಯಾರೂ ಊಟಕ್ಕ ಕರ್ಯಂಗಿಲ್ಲ" ಎಂದಳು. ಆದರೆ ಹೈಕೆ ಸರಿ ಎಂದು ಬರೆದುಕೊಂಡಳು. ಆ ಭಾಗ ಉಳಿಯಿತು. ಯಾರಿಗೂ ಸಿಟ್ಟು ಬರಲಿಲ್ಲ.

ಆಮೇಲೆ ನಮ್ಮದು. ಸುಜಾತಾ ಕಿವಿಯಲ್ಲಿ ಹೇಳುತ್ತ ಹೋದಳು. ಪೂರ್ತಿಯಾಗದ ಭಾಷೆಗಳನ್ನು ಹೊಸ ಆವೃತ್ತಿಯ ಜೊತೆ ಹಾಕುವುದಿಲ್ಲ, ಪೂರ್ತಿಯಾದ ಮೇಲೆ ಬೇರೆಯಾಗಿ ಕೊಡುತ್ತೇವೆ ಎಂದು ಗೋಡೆಯ ಮೇಲೆ ಬರೆದು ತೋರಿಸಿದರು. ಹೈಕೆ ಅದನ್ನು ಓದಿ, "ಯಾರದಾದರೂ ವಿರೋಧ ಇದೆಯೇ?" ಎಂದಳು. ಕೇಳಿ ನನ್ನ ಕಡೆಗೇ ನೋಡಿದಳು. ನೋಡುತ್ತಲೇ ನಿಂತಳು.

"ಏನ ಹೇಳ್ಲಿರಿ ಅಕ್ಕಾರ?"

ನಾನು ಸುಜಾತಾಳ ಕೈ ಹಿಡಿದೆ. "ಸುಮ್ನ ಕುಂಡ್ರು. ಆಕಿಗೆ ಗೊತ್ತೈತಿ. ಈಗ ಆಕೀನ ಹೇಳ್ತಾಳ."

ಸುಜಾತಾ ಕೂತಳು. ಅವಳೂ ನಮ್ಮ ಕಡೆಯವಳೇ ಅಲ್ಲವೇ, ಅವಳಿಗೂ ಅದೇ ಸರಿ ಕಂಡಿತು.

ಮಕ್ಕಳೇ, ನಿಮ್ಮ ಅವ್ವನನ್ನು ಹೆಣ್ಣು ಕೇಳಲು ಒಮ್ಮೆ ಸಾಲೋಟಗಿಯಿಂದ ಬಂದಿದ್ದರು. ನಿಮ್ಮ ಮುತ್ಯಾನಿಗೆ ಮನಸ್ಸಿರಲಿಲ್ಲ. "ಹೆಂಗ್ರಿ ಮತ್ತ, ಮುಂದ ಮಾತಾಡೂಣೇನ್ರಿ?" ಎಂದು ಅವರು ಕೇಳಿದಾಗ ಎಲೆಯ ತೊಟ್ಟು ಮುರಿಯುತ್ತ ಕೂತರು. ಬಂದವರು ಒಂದು ಗಳಿಗೆ ನೋಡಿ, "ಈ ಸಲ ನಿಮ್ಮ ಕಡೆ ತೊಗರಿ ಹೆಂಗೈತ್ರಿ?" ಎಂದು ಮಾತು ಹೊರಳಿಸಿ, ಚಹಾ ಕುಡಿದು, ನಗುತ್ತ ಎದ್ದು ಹೋದರು. ಒಲ್ಲೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ, ಎಲ್ಲರಿಗೂ ತಿಳಿಯಿತು. ನಮ್ಮಲ್ಲಿ ಒಪ್ಪಿದವರು ಬಾಯಿಬಿಟ್ಟು "ಆಗಲಿ" ಅನ್ನಬೇಕು. ಸುಮ್ಮನೆ ಕೂತರೆ ಅದು ಒಪ್ಪಿಗೆಯಲ್ಲ. ನಾನು ಸುಮ್ಮನೆ ಕೂತೆ. ನನ್ನ ಲೆಕ್ಕಕ್ಕೆ ನಾನು ಆ ಸಭೆಯಲ್ಲಿ ಗಟ್ಟಿಯಾಗಿ ಬೇಡ ಎಂದಿದ್ದೆ.

ಹೈಕೆ ಇನ್ನೂ ಒಂದು ಗಳಿಗೆ ಕಾಯ್ದು ಏನೋ ಬರೆದುಕೊಂಡಳು. ಅಷ್ಟರಲ್ಲಿ ಎಲ್ಲರೂ ಬೆರಳ ಗಿಣ್ಣಿನಿಂದ ಮೇಜು ಬಡಿಯತೊಡಗಿದರು. ಟಕಟಕ ಟಕಟಕ, ಕೋಣೆಯೆಲ್ಲ ಸದ್ದು. ನನ್ನ ಎದೆ ತುಂಬಿ ಬಂತು. ನಮ್ಮ ಪರವಾಗಿ ಇಷ್ಟು ಜನ ಸಿಟ್ಟಾದರಲ್ಲ, ಮೇಜು ಕುಟ್ಟಿ ಜಗಳಕ್ಕೆ ನಿಂತರಲ್ಲ ಎಂದುಕೊಂಡೆ. ಜೀವನದಲ್ಲಿ ಮೊದಲ ಸಲ ತುಂಬಿದ ಸಭೆಯಲ್ಲಿ ನಾನಾಗಿಯೇ ಎದ್ದು ನಿಂತು, ಆ ಕಡೆ ಈ ಕಡೆ ತಿರುಗಿ ಎಲ್ಲರಿಗೂ ಕೈ ಮುಗಿದೆ. ಅವರು ನಕ್ಕು ಇನ್ನೂ ಜೋರಾಗಿ ಬಡಿದರು.

ಅವರಲ್ಲಿ ಚಪ್ಪಾಳೆ ತಟ್ಟುವುದು ಹಾಗೇ ಅಂತೆ.

ಚಹಾದ ಹೊತ್ತಿನಲ್ಲಿ ಯಾನ್ ಬಂದು ಸುಜಾತಾಳನ್ನು ಏನೋ ಕೇಳಿದ. ಅವಳ ಮುಖ ಕಪ್ಪಿಟ್ಟಿತು. "ಅಕ್ಕಾರ, ನೀವ ಯಾಕ ಒಪ್ಪಿದ್ರಿ ಅಂತ ಕೇಳಾಕತ್ತಾನ."

"ನಾವೆಲ್ಲಿ ಒಪ್ಪೇವಿ?"

ಆಗ ತಿಳಿಯಿತು. ಬೇಡ ಎಂದು ಯಾರೂ ಅನ್ನದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಅದು ಅವರ ಪದ್ಧತಿ, ಎಲ್ಲರಿಗೂ ಗೊತ್ತಿರುವುದು, ಯಾರೂ ಯಾರಿಗೂ ಹೇಳಿಕೊಡದೆ ಇರುವುದು. ಸುಜಾತಾ ಓಡಿಹೋಗಿ ಹೈಕೆಯನ್ನು ಹಿಡಿದಳು, ನಾನು ಹಿಂದೆ ನಿಂತೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಹೈಕೆ ಕೆಂಪಗಾದಳು.

"ಏನಂತಾಳ?"

"ನಿನ್ನೆ ಹೇಳಿದ್ರಿ, ಇವತ್ತ ಹೇಳ್ಲಿಲ್ಲ, ಅದಕ್ಕ ನಿಮ್ಮ ಮನಸ್ಸ ಬದಲಾಗೇತಿ ಅನ್ಕೊಂಡೆ ಅಂತಾಳ್ರಿ. ನಿಮ್ಮ ಸಲುವಾಗೇ ಕಾಯ್ದು ನಿಂತಿದ್ದೆ ಅಂತಾಳ."

"ನಿನ್ನೆ ಹೇಳಿದ್ದನ್ನ ಇವತ್ತ ಮತ್ತ ಯಾಕ ಹೇಳಬೇಕು? ಆಕಿ ಕಿವಿ ದಿನಾ ಬದಲಾಗತಾವೇನ?"

ಸುಜಾತಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳೋ ಬಿಟ್ಟಳೋ ಕಾಣೆ. ಹೈಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ಒಮ್ಮೆ ಗೊತ್ತು ಮಾಡಿದ್ದನ್ನು ಮತ್ತೆ ತೆಗೆಯಲು ಬರುವುದಿಲ್ಲ, ಒಬ್ಬರಿಗೆ ತೆಗೆದರೆ ಎಲ್ಲರಿಗೂ ತೆಗೆಯಬೇಕು, ಮುಂದಿನ ಆವೃತ್ತಿಯ ಹೊತ್ತಿಗೆ ಖಂಡಿತ ಕೇಳಿರಿ ಎಂದಳು. ಕೈ ಬೆಚ್ಚಗಿದ್ದವು. ನಾನು ನನ್ನ ಕೈ ಬಿಡಿಸಿಕೊಂಡೆ.

ಅವರು ಕೆಟ್ಟ ಜನ ಎಂದು ನೀವು ತಿಳಿಯಬೇಡಿರಿ. ಕೆಟ್ಟವರಾಗಿದ್ದರೆ ದಾರಿಯುದ್ದಕ್ಕೂ ಬೈದುಕೊಂಡು ಬಂದು ಹಗುರಾಗುತ್ತಿದ್ದೆ. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಮನಸಾರೆ ನಂಬಿದವರು ಅವರು. ತೆರೆದೇ ಇತ್ತು. ಒಳಗೆ ಹೋದ ಮೇಲೆ ಕೂಗಬೇಕು ಎಂಬುದನ್ನು ಮಾತ್ರ ಹೊರಗೆ ಬರೆದಿರಲಿಲ್ಲ. ನನ್ನ ಸಿಟ್ಟು ಅವರ ಮೇಲೊಂದೇ ಅಲ್ಲ. ಇಷ್ಟು ವರ್ಷ ನನ್ನನ್ನು ಸುಮ್ಮನೆ ಕೂಡ್ರಲು ಕಲಿಸಿ, ಎಂಥಾ ಮರ್ಯಾದಸ್ಥ ಹೆಂಗಸು ಎಂದು ಹೊಗಳಿದರಲ್ಲ, ನಮ್ಮ ಮನೆಯವರು, ನಮ್ಮ ಓಣಿಯವರು, ಅವರ ಮೇಲೂ ಇದೆ. ಅವರ ಹೊಗಳಿಕೆ ಕಟ್ಟಿಕೊಂಡು ಅಲ್ಲಿಗೆ ಹೋದೆ. ಅಲ್ಲಿ ಅದು ಮೂರು ಕಾಸಿಗೆ ಬಾಳಲಿಲ್ಲ.

ಮುದ್ದೇಬಿಹಾಳ

ಬರುವಾಗ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಊರಿಗೆ ಬಂದ ಮೇಲೆ ರಾತ್ರಿಹಗಲು ಬರೆದೆವು. ಶೈಲಾ ತನ್ನ ಕ್ಲಾಸಿನ ಹುಡುಗಿಯರನ್ನೂ ಕೂಡ್ರಿಸಿದಳು. ಆದರೂ ಮುಗಿಯಲಿಲ್ಲ. ಹೊಸ ಆವೃತ್ತಿ ಬಂತು, ಅದರ ಭಾಷೆಗಳ ಪಟ್ಟಿಯಲ್ಲಿ ಬ್ರೆಟನ್ ಇತ್ತು. ಕನ್ನಡ ಇರಲಿಲ್ಲ.

ರೇಣುಕಾಳಿಗೆ ಇದನ್ನು ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂದು ಬಸ್ಸು ಹತ್ತಿದೆ. ಸುಜಾತಾಳಿಗೆ ಪರೀಕ್ಷೆಯ ಕೆಲಸ, ಬರಲಾಗಲಿಲ್ಲ. ನಾನು ಹೋಗುವಷ್ಟರಲ್ಲಿ ಅವಳ ಕುರ್ಚಿಯ ಮೇಲೆ ಜೀನ್ಸ್ ತೊಟ್ಟ ಹುಡುಗಿಯೊಬ್ಬಳು ಕೂತು ಟೈಪು ಮಾಡುತ್ತಿದ್ದಳು. ರೇಣುಕಾ ಬಾಗಿಲ ಹತ್ತಿರ ಝೆರಾಕ್ಸ್ ಯಂತ್ರದ ಮುಂದೆ ನಿಂತಿದ್ದಳು.

"ಬರ್ರಿ ಅಕ್ಕಾರ. ಕುರ್ಚಿ ಇಲ್ಲ, ಸ್ಟೂಲ್ ಮ್ಯಾಲ ಕುಂಡ್ರರಿ."

ನಾನು ಎಲ್ಲ ಹೇಳಿದೆ. ಹೈಕೆ ಬಂದದ್ದು, ಹೋಳಿಗೆ ಕಟ್ಟಿಕೊಂಡದ್ದು, ಸಭೆಯಲ್ಲಿ ನಮ್ಮ ಕಡೆ ನೋಡಿದ್ದು, ನಾವು ಅವಳೇ ಹೇಳುತ್ತಾಳೆ ಎಂದು ಸುಮ್ಮನೆ ಕೂತದ್ದು. ಸಾಲೋಟಗಿಯವರ ಮಾತನ್ನೂ ಹೇಳಿದೆ, ಇವಳಿಗಾದರೂ ತಿಳಿಯುತ್ತದೆ ಎಂದು. ರೇಣುಕಾ ಯಾರದೋ ಪಹಣಿ ಯಂತ್ರದ ಮೇಲಿಟ್ಟು, ಮುಚ್ಚಿ, ಗುಂಡಿ ಒತ್ತಿ, ತೆಗೆದು, ಮಡಚಿ ಅವರ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಲ್ಲಿ ಬಾಯಿಬಿಟ್ಟು ಕೇಳಿದಾಗ ಸುಮ್ನ ಕುಂತ್ರಿ. ಇಲ್ಲಿ ನಾ ಏನೂ ಕೇಳಿಲ್ಲ, ಬಂದು ಇಷ್ಟ ಮಾತಾಡಾಕತ್ತೀರಿ."

ನಾನು ಏನೂ ಅನ್ನಲಿಲ್ಲ.

"ನೋಡ್ರಿ, ಈಗೂ ಸುಮ್ನ ಕುಂತ್ರಿ. ಇದನ್ನ ನಾ ಏನಂತ ತಿಳಕೋಬೇಕ್ರಿ ಅಕ್ಕಾರ? ಹೌದು ಅಂತೋ, ಅಲ್ಲ ಅಂತೋ?"

ಚಹಾ ತರಿಸಿದಳು, ಕುಡಿದೆ. ಬಸ್ಸಿಗೆ ಕಳಿಸಲು ನಿಲ್ದಾಣದವರೆಗೂ ಬಂದಳು. ಕಿಟಕಿಯ ಹತ್ತಿರ ನಿಂತು, "ಇನ್ನ ಆ ಕೆಲಸದಾಗ ನನ್ನ ಹೆಸರ ಬ್ಯಾಡ್ರಿ" ಎಂದಳು. ತೆಗೆದೆವು. ನಾವು ಮೂವರು ಬರೆಯುತ್ತಿದ್ದೇವೆ. ಜಗಳಾಡುವವರಿಲ್ಲ, ಕೆಲಸ ಬೇಗ ಸಾಗುತ್ತದೆ. ಮಾತುಗಳು ಮೊದಲಿನಷ್ಟು ಚಲೋ ಬರುತ್ತಿಲ್ಲ.

ಸೃಷ್ಟಿ, ಮಲ್ಲು, ಆ ಸಭೆಯ ಠರಾವನ್ನು ಅವರು ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ಯಾರು ಬೇಕಾದರೂ ಓದಬಹುದು, ನಾಳೆ ನೀವೂ ಓದೀರಿ. ಸುಜಾತಾ ನನಗೆ ಓದಿ ಹೇಳಿದಳು. ಹಾಜರಿದ್ದವರಲ್ಲಿ ನನ್ನ ಹೆಸರಿದೆ, ಒಂದು ಅಕ್ಷರವೂ ತಪ್ಪಿಲ್ಲ. ಅದರ ಕೆಳಗೆ, ಯಾರ ವಿರೋಧವೂ ಇಲ್ಲದೆ ಎಲ್ಲರೂ ಒಪ್ಪಿದರು ಎಂದಿದೆ. ಅದನ್ನು ತಿದ್ದಲು ನನಗೆ ಬರುವುದಿಲ್ಲ. ನಾನು ಒಪ್ಪಿರಲಿಲ್ಲ ಎಂಬುದು ಈ ಹಾಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಲ್ಲ. ನೀರು ತಾಗದಂತೆ, ಇಲಿ ಮುಟ್ಟದಂತೆ ಇವನ್ನು ಕಾಯ್ದಿಡಿರಿ. ನಿಮ್ಮ ಆಯಿ ಏನು ಅಂದಳು ಎಂದು ಯಾರಾದರೂ ಕೇಳಿದರೆ ತೆಗೆದು ತೋರಿಸಿರಿ. ನೀವು ಮಾತ್ರ ಸುಮ್ಮನೆ ಕೂಡ್ರಬೇಡಿರಿ.